ಬೆಳಗಾವಿಯಲ್ಲಿ ಕುಳಿತು ಜಗತ್ತಿನ ಅನಿಲ–ವಿದ್ಯುತ್ ದರಗಳನ್ನು ಓದುವ ಬಗೆ

ಖಡೇಬಜಾರದ ಹತ್ತಿರ ನಾನು ಮಧ್ಯಾಹ್ನದ ಊಟಕ್ಕೆ ಹೋಗುವ ಖಾನಾವಳಿಯ ಮಾಲೀಕರು ಒಂದು ದಿನ ಗಲ್ಲೆಯ ಹಿಂದಿನಿಂದಲೇ ಕೇಳಿದರು: “ಅಲ್ರೀ ಸರ, ಅಮೆರಿಕಾದಾಗ ಗ್ಯಾಸ್ ರೇಟ್ ಪೂರಾ ಬಿದ್ದೈತಂತ ಟಿವಿಯಾಗ ಹೇಳಾಕತ್ತಾರ. ನಮ್ಮ ಸಿಲಿಂಡರ್ ಯಾಕ ಇಳೀವಲ್ದು?” ಪ್ರಶ್ನೆ ಸರಳವಾಗಿಯೇ ಇತ್ತು. ಆದರೆ ಅದಕ್ಕೆ ಸರಿಯಾದ ಉತ್ತರ ಕೊಡಬೇಕೆಂದರೆ ಅವರು ಹೇಳಿದ ಗ್ಯಾಸ್ ಯಾವುದು, ಆ ದರ ಯಾವ ಊರಿನದು, ಯಾವ ಅಳತೆಯದು, ಅಲ್ಲಿಂದ ಅವರ ಒಲೆಯವರೆಗೆ ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನೆಲ್ಲ ಬಿಡಿಸಿ ಹೇಳಬೇಕಾಗುತ್ತದೆ. ನಾನು ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಲೆಕ್ಕಪತ್ರ ನೋಡುವವನು. ಕರೆಂಟ್ ಬಿಲ್ ಏಕೆ ಏರಿತು ಎಂದು ಮಾಲೀಕರಿಗೆ ವಿವರಿಸಬೇಕಾದ ಅನಿವಾರ್ಯತೆಯಿಂದಲೇ ಈ ದರಗಳ ಬೆನ್ನು ಹತ್ತಿದವನು. ಹಾಗೆ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಯಾವ ಗ್ಯಾಸ್ ಎಂದು ಗುರುತಿಸಿ

ನಮ್ಮಲ್ಲಿ ‘ಗ್ಯಾಸ್’ ಎಂದರೆ ಸಿಲಿಂಡರ್. ಆ ಸಿಲಿಂಡರಿನಲ್ಲಿರುವುದು ಎಲ್‌ಪಿಜಿ, ಅಂದರೆ ಪ್ರೋಪೇನ್ ಮತ್ತು ಬ್ಯೂಟೇನ್. ಅದರ ಬೆಲೆಗೆ ಆಧಾರವಾಗಿರುವುದು ಸೌದಿ ಅರಾಮ್ಕೊ ಪ್ರತಿ ತಿಂಗಳು ಪ್ರಕಟಿಸುವ ಒಪ್ಪಂದದ ದರ. ಖಾನಾವಳಿಗಳು ಬಳಸುವ 19 ಕೆಜಿ ಸಿಲಿಂಡರಿನ ಬೆಲೆ ಸಾಮಾನ್ಯವಾಗಿ ತಿಂಗಳ ಒಂದನೇ ತಾರೀಖಿಗೆ ಬದಲಾಗುವುದು ಇದೇ ಕಾರಣಕ್ಕೆ. ಟಿವಿಯಲ್ಲಿ ಅಮೆರಿಕದ್ದೆಂದು ಹೇಳುವ ದರವಾದರೋ ನೈಸರ್ಗಿಕ ಅನಿಲದ್ದು, ಮುಖ್ಯವಾಗಿ ಮೀಥೇನ್‌ನದು. ಆಟೋಗಳಿಗೆ ತುಂಬುವ ಸಿಎನ್‌ಜಿ, ಮನೆಗಳಿಗೆ ಕೊಳವೆಯಲ್ಲಿ ಬರುವ ಪಿಎನ್‌ಜಿ, ಯೂರಿಯಾ ಕಾರ್ಖಾನೆಗಳು ಬಳಸುವ ಅನಿಲ, ಇವೆಲ್ಲ ಈ ಎರಡನೆಯ ಜಾತಿಗೆ ಸೇರಿದವು. ಖಾನಾವಳಿಯವರ ಗೊಂದಲದ ಅರ್ಧ ಭಾಗ ಇಲ್ಲಿಯೇ ಬಗೆಹರಿಯಿತು.

ಎರಡನೇ ಹೆಜ್ಜೆ: ಅಳತೆಯನ್ನು ಒಂದೇ ಮಾಪಕ್ಕೆ ತನ್ನಿ

ಈ ಹೆಜ್ಜೆಯಲ್ಲಿ ನಾನೇ ಎಡವಿದ್ದೇನೆ. ಯುರೋಪಿನ ಅನಿಲ ದರ 36 ಎಂದೂ ಏಷ್ಯಾದ್ದು 12 ಎಂದೂ ಓದಿ, ಅಲ್ಲಿ ಮೂರು ಪಟ್ಟು ದುಬಾರಿಯಾಗಿದೆ ಎಂದು ಮಾಲೀಕರಿಗೆ ಹೇಳಿಬಿಟ್ಟಿದ್ದೆ. ಯುರೋಪಿನ ದರ ಒಂದು ಮೆಗಾವಾಟ್ ಅವರ್‌ಗೆ ಇಷ್ಟು ಯೂರೋ ಎಂದಿರುತ್ತದೆ, ಏಷ್ಯಾ ಮತ್ತು ಅಮೆರಿಕದ ದರಗಳು ಒಂದು ಎಂಎಂಬಿಟಿಯು, ಅಂದರೆ ಹತ್ತು ಲಕ್ಷ ಬ್ರಿಟಿಷ್ ಶಾಖಮಾನಕ್ಕೆ ಇಷ್ಟು ಡಾಲರ್ ಎಂದಿರುತ್ತವೆ ಎಂಬುದು ಆಮೇಲೆ ತಿಳಿಯಿತು. ಒಂದು ಮೆಗಾವಾಟ್ ಅವರ್ ಎಂದರೆ ನಮ್ಮ ಮೀಟರಿನ 1000 ಯೂನಿಟ್, ಅದು 3.412 ಎಂಎಂಬಿಟಿಯುಗೆ ಸಮ. ಆದ್ದರಿಂದ ಯುರೋಪಿನ ದರವನ್ನು 3.412ರಿಂದ ಭಾಗಿಸಿ, ಬಂದ ಯೂರೋ ಮೊತ್ತವನ್ನು ಆ ದಿನದ ವಿನಿಮಯ ದರದಲ್ಲಿ ಡಾಲರಿಗೆ ಪರಿವರ್ತಿಸಬೇಕು. ಹಾಗೆ ಮಾಡಿದಾಗ 36 ಯೂರೋ ಎಂಬುದು ಸುಮಾರು ಹತ್ತೂವರೆ ಯೂರೋ ಆಗುತ್ತದೆ. ಮೂರು ಪಟ್ಟಿನ ಅಂತರ ಮಾಯವಾಗಿ, ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತವೆ.

ಇನ್ನೊಂದು ಅಂಕಿ ನೆನಪಿರಲಿ: ಒಂದು ಎಂಎಂಬಿಟಿಯು ಎಂದರೆ ಸುಮಾರು 19ರಿಂದ 20 ಕೆಜಿ ಸಿಎನ್‌ಜಿ. ಅನಿಲದ ದರ 12 ಡಾಲರ್ ಇದ್ದು, ಲೆಕ್ಕದ ಅನುಕೂಲಕ್ಕೆ ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ, ಒಂದು ಎಂಎಂಬಿಟಿಯುಗೆ 1020 ರೂಪಾಯಿ, ಕೆಜಿಗೆ 51ರಿಂದ 54 ರೂಪಾಯಿ ಆಗುತ್ತದೆ. ಇದು ದ್ರವರೂಪದಲ್ಲಿ ಹಡಗಿನಲ್ಲಿರುವ ಅನಿಲದ ಬೆಲೆ ಮಾತ್ರ. ಇದರ ಮೇಲೆ ಆಮದು ಸುಂಕ, ದ್ರವವನ್ನು ಮತ್ತೆ ಅನಿಲ ಮಾಡುವ ಖರ್ಚು, ಕೊಳವೆ ಬಾಡಿಗೆ, ಅಬಕಾರಿ ಸುಂಕ, ರಾಜ್ಯದ ವ್ಯಾಟ್, ಪಂಪಿನವರ ಕಮಿಷನ್ ಎಲ್ಲವೂ ಸೇರುತ್ತವೆ. ನೈಸರ್ಗಿಕ ಅನಿಲ ಇನ್ನೂ ಜಿಎಸ್‌ಟಿಗೆ ಸೇರಿಲ್ಲವಾದ್ದರಿಂದ ನಿಪ್ಪಾಣಿಯ ಆಚೆ ಕಾಗಲದಲ್ಲಿ ಒಂದು ದರ, ಈಚೆ ಒಂದು ದರ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಮೂರನೇ ಹೆಜ್ಜೆ: ಮೂರು ಪೇಟೆಗಳ ಹೆಸರು ತಿಳಿದುಕೊಳ್ಳಿ

ಕಚ್ಚಾ ತೈಲಕ್ಕೆ ಇರುವಂತೆ ಅನಿಲಕ್ಕೆ ಇಡೀ ಜಗತ್ತಿಗೆ ಹೆಚ್ಚುಕಡಿಮೆ ಒಂದೇ ಬೆಲೆ ಎಂಬುದಿಲ್ಲ. ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಹಲವು ಕೊಳವೆಗಳು ಕೂಡುವ ಜಾಗ ಹೆನ್ರಿ ಹಬ್, ಅಲ್ಲಿನ ದರವೇ ಅಮೆರಿಕದ ಮಾನದಂಡ. ನೆದರ್ಲೆಂಡ್ಸ್‌ನ ಟಿಟಿಎಫ್ 2003ರಲ್ಲಿ ಆರಂಭವಾದದ್ದು. ಅದು ಒಂದು ಊರಲ್ಲ, ಕೊಳವೆ ಜಾಲದೊಳಗಿನ ಅನಿಲದ ಒಡೆತನ ಕಾಗದದ ಮೇಲೆ ಕೈ ಬದಲಾಗುವ ವ್ಯವಸ್ಥೆ, ಯುರೋಪಿನ ದರ ಅದೇ. ಜಪಾನ್, ಕೊರಿಯಾ ಕಡೆಗೆ ಹಡಗಿನಲ್ಲಿ ಹೋಗುವ ದ್ರವೀಕೃತ ಅನಿಲದ, ಅಂದರೆ ಎಲ್‌ಎನ್‌ಜಿಯ ದರ ಜೆಕೆಎಂ. ನಮ್ಮ ಬಂದರುಗಳಿಗೆ ಬರುವ ಬಿಡಿ ಹಡಗುಗಳ, ಅಂದರೆ ದೀರ್ಘಾವಧಿ ಒಪ್ಪಂದವಿಲ್ಲದೆ ಆಗಿಂದಾಗ ಕೊಳ್ಳುವ ಅನಿಲದ ಬೆಲೆ ಹೆಚ್ಚಾಗಿ ಈ ಜೆಕೆಎಂನ ಆಸುಪಾಸಿನಲ್ಲಿರುತ್ತದೆ.

ಮೂರೂ ದರಗಳು ಏಕೆ ಬೇರೆ ಬೇರೆ ಎಂಬುದಕ್ಕೆ ಅನಿಲದ ಸ್ವಭಾವವೇ ಕಾರಣ. ಅದನ್ನು ಸಮುದ್ರ ದಾಟಿಸಬೇಕಾದರೆ ಮೈನಸ್ 162 ಡಿಗ್ರಿ ಸೆಲ್ಸಿಯಸ್‌ವರೆಗೆ ತಣ್ಣಗೆ ಮಾಡಿ, ಗಾತ್ರವನ್ನು ಸುಮಾರು ಆರುನೂರನೇ ಒಂದು ಭಾಗಕ್ಕೆ ಇಳಿಸಿ, ವಿಶೇಷ ಹಡಗಿಗೆ ತುಂಬಬೇಕು. ಹೀಗೆ ದ್ರವ ಮಾಡುವ ಸ್ಥಾವರಗಳ ಸಾಮರ್ಥ್ಯ ತುಂಬಿದ ಮೇಲೆ ಒಂದು ಕಡೆ ಎಷ್ಟೇ ಅಗ್ಗವಾಗಿದ್ದರೂ ಇನ್ನೊಂದು ಕಡೆಗೆ ಒಂದು ಹನಿ ಹೆಚ್ಚಿಗೆ ಹೋಗುವುದಿಲ್ಲ. 2022ರ ಆಗಸ್ಟ್‌ನಲ್ಲಿ ಹೆನ್ರಿ ಹಬ್ 9 ಡಾಲರ್ ದಾಟಿ ಅಮೆರಿಕದವರು ಗೋಳಾಡುತ್ತಿದ್ದಾಗ, ಟಿಟಿಎಫ್ 300 ಯೂರೋ ದಾಟಿತ್ತು. ಮೇಲಿನ ಸೂತ್ರ ಹಾಕಿ ನೋಡಿದರೆ ಅದು ಎಂಎಂಬಿಟಿಯುಗೆ 88 ಯೂರೋದಷ್ಟಾಗುತ್ತದೆ. ಅದೇ ವರ್ಷ ಜೂನ್ 8ರಂದು ಟೆಕ್ಸಸ್‌ನ ಫ್ರೀಪೋರ್ಟ್ ದ್ರವೀಕರಣ ಸ್ಥಾವರದಲ್ಲಿ ಬೆಂಕಿ ಬಿದ್ದಾಗ ಅಮೆರಿಕದಲ್ಲಿ ಅನಿಲ ಅಗ್ಗವಾಯಿತು, ಯುರೋಪಿನಲ್ಲಿ ದುಬಾರಿಯಾಯಿತು. ಹಡಗಿಗೆ ಹೋಗಬೇಕಿದ್ದ ಅನಿಲ ಅಲ್ಲೇ ಉಳಿದದ್ದೇ ಇದಕ್ಕೆ ಕಾರಣ. ನಮ್ಮ ಎಪಿಎಂಸಿಯಲ್ಲಿ ಈರುಳ್ಳಿ ರಫ್ತು ನಿಂತ ದಿನ ಏನಾಗುತ್ತದೆಂದು ಬಲ್ಲವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸರಕುಗಳ ವಾಯಿದಾ ಪೇಟೆಯಾದ ಎಂಸಿಎಕ್ಸ್‌ನಲ್ಲಿ ರೂಪಾಯಿ ಲೆಕ್ಕದಲ್ಲಿ ವಹಿವಾಟಾಗುವ ‘ನ್ಯಾಚುರಲ್ ಗ್ಯಾಸ್’ ಕಾಂಟ್ರಾಕ್ಟ್ ಹೆನ್ರಿ ಹಬ್ ದರವನ್ನೇ ಹಿಂಬಾಲಿಸುತ್ತದೆ. ಅದಕ್ಕೂ ಬೆಳಗಾವಿಯ ಸಿಎನ್‌ಜಿ ಪಂಪಿಗೂ ನೇರ ನಂಟಿಲ್ಲ. ಒಂದು ಲಾಟ್ 1250 ಎಂಎಂಬಿಟಿಯು ಇರುವುದರಿಂದ ದರ ಒಂದು ರೂಪಾಯಿ ಅಲುಗಾಡಿದರೆ 1250 ರೂಪಾಯಿ ಹೋಗುತ್ತದೆ ಇಲ್ಲವೇ ಬರುತ್ತದೆ. ಅಮೆರಿಕದ ಚಳಿಯ ಮೇಲೆ ಬೆಳಗಾವಿಯಲ್ಲಿ ಕುಳಿತು ಪಣ ಕಟ್ಟುವವರು ನನಗೆ ಗೊತ್ತು; ಅದು ಈ ಲೇಖನದ ವಿಷಯವಲ್ಲ.

ನಾಲ್ಕನೇ ಹೆಜ್ಜೆ: ದರ ಅಲುಗಾಡಿಸುವ ಸಂಗತಿಗಳನ್ನು ಋತುವಿನೊಂದಿಗೆ ಹೊಂದಿಸಿ ನೋಡಿ

ಅನಿಲದ ವ್ಯಾಪಾರ ಹಗೇವಿನ ಜೋಳದ ವ್ಯಾಪಾರದಂತೆ. ಯುರೋಪಿನವರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನೆಲದಡಿಯ ಸಂಗ್ರಹಾಗಾರಗಳನ್ನು ತುಂಬಿಸುತ್ತಾರೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ತೆಗೆದು ಉರಿಸುತ್ತಾರೆ. ಆದ್ದರಿಂದ ‘ಸಂಗ್ರಹ ಶೇಕಡಾ ಎಷ್ಟು ತುಂಬಿದೆ’ ಎಂಬ ಅಂಕಿ ದರಕ್ಕಿಂತ ಹೆಚ್ಚು ಹೇಳುತ್ತದೆ. ಆ ಅಂಕಿಯನ್ನು ಯುರೋಪಿನ ಅನಿಲ ಮೂಲಸೌಕರ್ಯ ಸಂಸ್ಥೆಗಳ ಒಕ್ಕೂಟ ದಿನವೂ ಪ್ರಕಟಿಸುತ್ತದೆ, ಯಾರು ಬೇಕಾದರೂ ನೋಡಬಹುದು. ಅಮೆರಿಕದ ಇಂಧನ ಮಾಹಿತಿ ಆಡಳಿತ, ಅಂದರೆ ಇಐಎ, ಸಾಮಾನ್ಯವಾಗಿ ಪ್ರತಿ ಗುರುವಾರ ತನ್ನ ಸಂಗ್ರಹದ ವರದಿ ಕೊಡುತ್ತದೆ. ನಮ್ಮ ಗಡಿಯಾರದಲ್ಲಿ ಅದು ಬೇಸಿಗೆಯಲ್ಲಿ ರಾತ್ರಿ 8 ಗಂಟೆ, ಚಳಿಗಾಲದಲ್ಲಿ 9 ಗಂಟೆ.

ಹಿಂದಿನ ಐದಾರು ವರ್ಷಗಳನ್ನು ಈ ಕಣ್ಣಿನಿಂದ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. 2020ರಲ್ಲಿ ಕೊರೊನಾದಿಂದ ಬೇಡಿಕೆ ಕುಸಿದು ಏಷ್ಯಾದ ಬಿಡಿ ಎಲ್‌ಎನ್‌ಜಿ 2 ಡಾಲರಿಗಿಂತ ಕೆಳಗಿಳಿಯಿತು. 2021ರಲ್ಲಿ ಬೇಡಿಕೆ ಮರಳಿತು, ಆದರೆ ಸಂಗ್ರಹ ತುಂಬಿರಲಿಲ್ಲ. 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ ಕೊಳವೆಯ ಅನಿಲ ಹಂತಹಂತವಾಗಿ ನಿಂತು, ಯುರೋಪ್ ಜಗತ್ತಿನ ಹಡಗುಗಳನ್ನೆಲ್ಲ ತನ್ನ ಕಡೆಗೆ ಸೆಳೆಯತೊಡಗಿತು. ಆ ಪೈಪೋಟಿಯಲ್ಲಿ ಸೋತವರು ಬಡ ದೇಶಗಳು: ಪಾಕಿಸ್ತಾನ ಕರೆದ ಎಲ್‌ಎನ್‌ಜಿ ಟೆಂಡರಿಗೆ 2022ರ ಜುಲೈನಲ್ಲಿ ಒಬ್ಬರೂ ಬಿಡ್ ಹಾಕಲಿಲ್ಲ. 2023ರಿಂದ ದರಗಳು ಇಳಿದವು, 2024ರಲ್ಲಿ ಹೆನ್ರಿ ಹಬ್ ಸರಾಸರಿ 2 ಡಾಲರ್ ಚಿಲ್ಲರೆಗೆ ಬಂದು ನಿಂತಿತು. ಆದರೂ 2025ರ ಜನವರಿ 1ರಂದು ಉಕ್ರೇನಿನ ಮೂಲಕ ಹಾಯುತ್ತಿದ್ದ ರಷ್ಯಾದ ಅನಿಲ ಪೂರ್ತಿ ನಿಂತಿತು. ಯುರೋಪ್ ಈಗ ಹಡಗಿನ ಅನಿಲವನ್ನು ಮೊದಲಿಗಿಂತ ಹೆಚ್ಚು ನೆಚ್ಚಿಕೊಂಡಿರುವುದರಿಂದ ಅಲ್ಲಿನ ಚಳಿ ಗುಜರಾತಿನ ದಹೇಜ್ ಬಂದರಿನ ದರವನ್ನೂ ಮುಟ್ಟುತ್ತದೆ. ಇನ್ನೊಂದು ಬದಿಯಲ್ಲಿ ಅಮೆರಿಕ, ಕತಾರ್, ಕೆನಡಾಗಳಲ್ಲಿ ಹೊಸ ದ್ರವೀಕರಣ ಸಾಮರ್ಥ್ಯ ಸೇರುತ್ತಿದೆ, ಅದು ದರವನ್ನು ಕೆಳಗೆ ಎಳೆಯುವ ಶಕ್ತಿ. ಇವೆರಡರ ನಡುವೆ ಹಾರ್ಮುಜ್ ಜಲಸಂಧಿ ಎಂಬ ಇಕ್ಕಟ್ಟಿನ ಬಾಗಿಲಿದೆ. ಜಗತ್ತಿನ ಎಲ್‌ಎನ್‌ಜಿ ವ್ಯಾಪಾರದ ಸುಮಾರು ಐದನೇ ಒಂದು ಭಾಗ, ಭಾರತಕ್ಕೆ ಬರುವ ಕತಾರ್ ಅನಿಲವೂ ಸೇರಿ, ಆ ದಾರಿಯದ್ದು. ಅಲ್ಲಿ ಗುಂಡಿನ ಸದ್ದು ಕೇಳಿದರೆ ಉಳಿದ ಲೆಕ್ಕವೆಲ್ಲ ಬದಿಗೆ ಸರಿಯುತ್ತದೆ.

ಐದನೇ ಹೆಜ್ಜೆ: ಭಾರತದ ಮೂರು ದಾರಿಗಳನ್ನು ಬೇರ್ಪಡಿಸಿ

ನಮ್ಮ ದೇಶದಲ್ಲಿ ಬಳಕೆಯಾಗುವ ಅನಿಲ ಒಂದೇ ಬೆಲೆಯದಲ್ಲ. ಒಎನ್‌ಜಿಸಿ ಮತ್ತು ಆಯಿಲ್ ಇಂಡಿಯಾದ ಹಳೆಯ ಬಾವಿಗಳ ಅನಿಲಕ್ಕೆ ಸರ್ಕಾರವೇ ಬೆಲೆ ಕಟ್ಟುತ್ತದೆ. 2023ರ ಏಪ್ರಿಲ್‌ನಿಂದ ಅದು ಭಾರತ ಕೊಳ್ಳುವ ಕಚ್ಚಾ ತೈಲದ ಸರಾಸರಿ ಬೆಲೆಯ ಶೇಕಡಾ 10. ಆಗ ಒಂದು ಎಂಎಂಬಿಟಿಯುಗೆ ಕೆಳಮಿತಿ 4 ಡಾಲರ್, ಮೇಲ್ಮಿತಿ 6.5 ಡಾಲರ್ ಎಂದು ನಿಗದಿಯಾಗಿತ್ತು, ಎರಡು ವರ್ಷಗಳ ನಂತರ ಮೇಲ್ಮಿತಿ ವರ್ಷಕ್ಕೆ ಕಾಲು ಡಾಲರ್‌ನಂತೆ ಏರುತ್ತದೆ. ಎರಡನೆಯದು ದೀರ್ಘಾವಧಿ ಒಪ್ಪಂದದ ಆಮದು. ಕತಾರ್‌ನಿಂದ ವರ್ಷಕ್ಕೆ 75 ಲಕ್ಷ ಟನ್ ತರುವ ಒಪ್ಪಂದವನ್ನು 2024ರಲ್ಲಿ 2048ರವರೆಗೆ ಮುಂದುವರಿಸಲಾಗಿದೆ. ಇಂತಹ ಒಪ್ಪಂದಗಳ ಬೆಲೆ ಹೆಚ್ಚಾಗಿ ಕಚ್ಚಾ ತೈಲದ ಜಾಗತಿಕ ಮಾನದಂಡವಾದ ಬ್ರೆಂಟ್ ದರದ ಇಷ್ಟು ಶೇಕಡಾ ಎಂದಿರುತ್ತದೆ. ಮೂರನೆಯದು ಬಿಡಿ ಹಡಗು, ಜೆಕೆಎಂನೊಂದಿಗೆ ಕುಣಿಯುವುದು ಇದೊಂದೇ.

ಈ ಮೂರರಲ್ಲಿ ಯಾವುದರ ಪಾಲು ಎಷ್ಟು ಎಂಬುದರ ಮೇಲೆ ನಮ್ಮ ದರ ನಿಂತಿದೆ. ಸಿಎನ್‌ಜಿ ಮತ್ತು ಮನೆಯ ಪಿಎನ್‌ಜಿಗೆ ಅಗ್ಗದ ದೇಶೀ ಅನಿಲದಲ್ಲಿ ಆದ್ಯತೆ ಇದೆ. ಆದರೆ 2024ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ನಗರ ಅನಿಲ ಕಂಪನಿಗಳಿಗೆ ಸಿಗುತ್ತಿದ್ದ ಆ ಪಾಲನ್ನು ಕಡಿತಗೊಳಿಸಲಾಯಿತು, ಕೊರತೆಯನ್ನು ದುಬಾರಿ ಅನಿಲದಿಂದ ತುಂಬಬೇಕಾಯಿತು. ಆದ್ದರಿಂದ ಸಿಎನ್‌ಜಿ ಬಳಸುವವರು ಹೆನ್ರಿ ಹಬ್ ನೋಡುವುದಕ್ಕಿಂತ ಬ್ರೆಂಟ್ ಮತ್ತು ರೂಪಾಯಿ–ಡಾಲರ್ ದರ ನೋಡುವುದು ಹೆಚ್ಚು ಉಪಯುಕ್ತ. ಬೆಳಗಾವಿಯ ವಿಷಯದಲ್ಲಿ ದಾರಿ ಕಣ್ಣಿಗೇ ಕಾಣುವಂಥದ್ದು: ಮಹಾರಾಷ್ಟ್ರದ ದಾಭೋಳದಿಂದ ಹೊರಟ, ಸರ್ಕಾರಿ ಅನಿಲ ಕಂಪನಿ ಗೇಲ್‌ನ ಕೊಳವೆ ಬೆಳಗಾವಿ, ಧಾರವಾಡ, ಗದಗ, ದಾವಣಗೆರೆ ಹಾಯ್ದು ಬೆಂಗಳೂರಿಗೆ ಹೋಗುತ್ತದೆ. ಅದು 2013ರಿಂದ ಚಾಲನೆಯಲ್ಲಿದೆ. ಹೊಲಗಳ ಬದುವಿನಲ್ಲಿ ಹಳದಿ ಗುರುತುಕಂಬಗಳನ್ನು ನೋಡಿದವರು ಆ ಕೊಳವೆಯ ಮೇಲೆಯೇ ನಡೆದಾಡಿದ್ದಾರೆ.

ಯೂರಿಯಾದ ವಿಷಯ ಬೇರೆಯೇ. 45 ಕೆಜಿ ಚೀಲದ ಬೆಲೆ, ತೆರಿಗೆ ಮತ್ತು ಬೇವಿನ ಲೇಪನದ ಖರ್ಚು ಬಿಟ್ಟು, 242 ರೂಪಾಯಿ ಎಂದು ಸರ್ಕಾರ ಕಟ್ಟಿಹಾಕಿರುವುದರಿಂದ ಅನಿಲ ದುಬಾರಿಯಾದರೂ ರೈತರಿಗೆ ಬೆಲೆಯಲ್ಲಿ ತಿಳಿಯುವುದಿಲ್ಲ. ತಿಳಿಯುವುದು ಸೊಸೈಟಿಯ ಮುಂದಿನ ಸರತಿ ಸಾಲಿನಲ್ಲಿ.

ಆರನೇ ಹೆಜ್ಜೆ: ವಿದ್ಯುತ್ ದರ ಕಟ್ಟುವುದು ಯಾರೆಂದು ಕೇಳಿ

ಅನಿಲದ ದರವನ್ನೂ ವಿದ್ಯುತ್ ದರವನ್ನೂ ಸುದ್ದಿಗಳು ಜೋಡಿಯಾಗಿ ಹೇಳುವುದು ಯುರೋಪಿನ ಮಟ್ಟಿಗೆ ಸರಿ. ಅಲ್ಲಿ ಆಯಾ ಹೊತ್ತಿನ ಬೇಡಿಕೆಗೆ ಅಗ್ಗದ ವಿದ್ಯುತ್ತನ್ನು ಮೊದಲು ತೆಗೆದುಕೊಂಡು, ದುಬಾರಿಯದನ್ನು ಕೊನೆಗೆ ತೆಗೆದುಕೊಳ್ಳುತ್ತಾರೆ. ಕೊನೆಯ ಸ್ಥಾವರಕ್ಕೆ ಕೊಟ್ಟ ದರವೇ ಎಲ್ಲರಿಗೂ ಸಿಗುತ್ತದೆ. ಬ್ರಿಟನ್, ಇಟಲಿಗಳಲ್ಲಿ ಆ ಕೊನೆಯ ಸ್ಥಾವರ ಬಹುತೇಕ ಅನಿಲದ್ದೇ. ಜರ್ಮನಿಯ ಸಗಟು ವಿದ್ಯುತ್ ದರ 2022ರಲ್ಲಿ ಒಂದು ಮೆಗಾವಾಟ್ ಅವರ್‌ಗೆ ಸರಾಸರಿ 235 ಯೂರೋ ಇತ್ತು, ಅಂದರೆ ನಮ್ಮ ಯೂನಿಟ್ ಲೆಕ್ಕದಲ್ಲಿ ಆಗಿನ ವಿನಿಮಯ ದರದಲ್ಲಿ 19 ರೂಪಾಯಿಗೂ ಮೇಲು. 2024ರಲ್ಲಿ ಅದು 80 ಯೂರೋದ ಆಸುಪಾಸಿಗೆ ಇಳಿಯಿತು. ಅದೇ 2024ರಲ್ಲಿ ಗಾಳಿ–ಬಿಸಿಲು ಹೆಚ್ಚಾಗಿ ಜರ್ಮನಿಯಲ್ಲಿ 457 ಗಂಟೆಗಳ ಕಾಲ ದರ ಸೊನ್ನೆಗಿಂತ ಕೆಳಗಿತ್ತು, ಅಂದರೆ ಉತ್ಪಾದಕರೇ ಹಣ ಕೊಟ್ಟು ವಿದ್ಯುತ್ ಸಾಗಹಾಕಿದರು.

ಭಾರತದಲ್ಲಿ ಈ ಕೊಂಡಿ ಸಡಿಲ. ಒಂದು ಎಂಎಂಬಿಟಿಯು ಅನಿಲದಿಂದ ಒಳ್ಳೆಯ ಸ್ಥಾವರವೂ ಸುಮಾರು 150 ಯೂನಿಟ್ ತೆಗೆಯಬಲ್ಲದು. ಅನಿಲ 12 ಡಾಲರ್ ಇದ್ದರೆ ಇಂಧನದ ಖರ್ಚೇ ಯೂನಿಟ್‌ಗೆ 7 ರೂಪಾಯಿಯಷ್ಟಾಗುತ್ತದೆ. ಅದಕ್ಕಾಗಿಯೇ ದೇಶದ ಅನಿಲ ಸ್ಥಾವರಗಳು ಬಹುಕಾಲ ಸುಮ್ಮನೆ ನಿಂತಿರುತ್ತವೆ. ನಮ್ಮ ದೀಪ ಉರಿಯುವುದು ಮುಖ್ಯವಾಗಿ ಕಲ್ಲಿದ್ದಲಿನಿಂದ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 800 ಮೆಗಾವಾಟ್‌ನ ಮೂರು ಘಟಕಗಳಿವೆ. ಆಲಮಟ್ಟಿಯಲ್ಲಿ 290 ಮೆಗಾವಾಟ್ ಜಲವಿದ್ಯುತ್ ಇದೆ, ಅದು ನಿಂತಿರುವುದು ಮಹಾಬಳೇಶ್ವರದ ಕಡೆಯ ಮಳೆಯ ಮೇಲೆ. ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಉರಿಸಿ ಗ್ರಿಡ್ಡಿಗೆ ವಿದ್ಯುತ್ ಕೊಡುತ್ತವೆ.

ಹಾಗೆಂದು ಜಗತ್ತಿನ ಅನಿಲಕ್ಕೂ ನಮ್ಮ ಬಿಲ್ಲಿಗೂ ಸಂಬಂಧವೇ ಇಲ್ಲ ಎಂದುಕೊಳ್ಳಬಾರದು, ಅದು ಬಳಸುದಾರಿಯಲ್ಲಿ ಬರುತ್ತದೆ. 2022ರಲ್ಲಿ ಅನಿಲ ಕೈಗೆಟುಕದಾದಾಗ ಯುರೋಪ್ ಕಲ್ಲಿದ್ದಲಿಗೆ ಮರಳಿತು. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಕಲ್ಲಿದ್ದಲು ಟನ್ನಿಗೆ 400 ಡಾಲರ್ ದಾಟಿತು. ಇಲ್ಲಿ ಕಲ್ಲಿದ್ದಲು ಸಾಲದೆ ಕೇಂದ್ರ ಸರ್ಕಾರ ಶೇಕಡಾ 10ರಷ್ಟು ಆಮದು ಕಲ್ಲಿದ್ದಲು ಬೆರೆಸಲು ಸೂಚಿಸಿತು. ಅದರ ಖರ್ಚು ಇಂಧನ ಹೊಂದಾಣಿಕೆ ಶುಲ್ಕವಾಗಿ ಗ್ರಾಹಕರ ಬಿಲ್ಲುಗಳಿಗೆ ಇಳಿಯಿತು.

ಏಳನೇ ಹೆಜ್ಜೆ: ಎಕ್ಸ್‌ಚೇಂಜ್ ದರವನ್ನೂ ಬಿಲ್ಲನ್ನೂ ಒಟ್ಟಿಗೆ ಇಟ್ಟು ಓದಿ

ವಿದ್ಯುತ್ ಕೊಳ್ಳುವ–ಮಾರುವ ಪೇಟೆಯಾದ ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್ 2008ರಿಂದ ನಡೆಯುತ್ತಿದೆ. ಅಲ್ಲಿ ನಾಳೆಯ ದಿನವನ್ನು 15 ನಿಮಿಷದ 96 ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ದರ ಕಟ್ಟುತ್ತಾರೆ. ದಿನದ ಸರಾಸರಿಯನ್ನು ನೋಡಿ ಸುಮ್ಮನಾಗಬೇಡಿ. ಮಧ್ಯಾಹ್ನ 12ರ ತುಂಡನ್ನೂ ರಾತ್ರಿ 8ರ ತುಂಡನ್ನೂ ಪಕ್ಕಪಕ್ಕ ಇಡಿ. ಸೌರವಿದ್ಯುತ್ ಹೆಚ್ಚಿದಂತೆ ಮಧ್ಯಾಹ್ನದ ದರ ಕೆಳಗೆ ಬೀಳುತ್ತಿದೆ, ಕಡು ಬೇಸಿಗೆಯ ಸಂಜೆಗಳಲ್ಲಿ ದರ ಏರಿ ಯೂನಿಟ್‌ಗೆ 10 ರೂಪಾಯಿಯ ಗರಿಷ್ಠ ಮಿತಿಗೆ ತಾಗಿದ್ದುಂಟು. 2023ರಲ್ಲಿ ಮಳೆ ಕೈಕೊಟ್ಟಾಗ ಕರ್ನಾಟಕ ಹೊರಗಿನಿಂದ ವಿದ್ಯುತ್ ಕೊಳ್ಳಬೇಕಾಯಿತು, ಅಂಥ ಖರೀದಿಯ ಬಿಸಿ ತಡವಾಗಿಯಾದರೂ ಬಿಲ್ಲಿಗೆ ತಟ್ಟುತ್ತದೆ.

ಮನೆಯ ಗ್ರಾಹಕರ ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ. 2025ರ ಮಾರ್ಚ್‌ನ ಆದೇಶ ಮೂರು ವರ್ಷಗಳಿಗೆ ಅನ್ವಯಿಸುವಂಥದ್ದು. ಆದ್ದರಿಂದ ಹೆಸ್ಕಾಂ ಬಿಲ್ಲಿನಲ್ಲಿ ನಿಗದಿತ ಶುಲ್ಕ ಮತ್ತು ಯೂನಿಟ್ ದರದ ಸಾಲುಗಳು ಬೇಗ ಕದಲುವುದಿಲ್ಲ. ತಿಂಗಳು ತಿಂಗಳು ಕದಲುವುದು ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆಯ ಸಾಲು. ಪೈಸೆಗಳಲ್ಲಿರುವ ಆ ಸಾಲನ್ನು ನಾನು ಮೊದಲು ನೋಡುತ್ತೇನೆ. ಇಂಡಕ್ಷನ್ ಭಟ್ಟಿಯಲ್ಲಿ ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ಬೇಕು, ಹತ್ತು ಪೈಸೆ ಏರಿದರೂ ಟನ್ನಿಗೆ 60 ರೂಪಾಯಿ. ವಡಗಾವಿಯ ಮಗ್ಗದವರಿಗೂ, ಒಣದ್ರಾಕ್ಷಿ ಇಡುವ ವಿಜಯಪುರದ ಕೋಲ್ಡ್ ಸ್ಟೋರೇಜಿನವರಿಗೂ ಇದೇ ಲೆಕ್ಕ.

ಎಕ್ಸ್‌ಚೇಂಜಿನಲ್ಲಿ 4 ರೂಪಾಯಿ ಇದೆ, ನೇರವಾಗಿ ಕೊಳ್ಳೋಣ ಎನ್ನುವವರು ಎರಡು ಸಂಗತಿ ತಿಳಿದಿರಬೇಕು. ಮುಕ್ತ ಪ್ರವೇಶಕ್ಕೆ, ಅಂದರೆ ಹೆಸ್ಕಾಂ ಬಿಟ್ಟು ಬೇರೆ ಕಡೆಯಿಂದ ವಿದ್ಯುತ್ ಕೊಳ್ಳುವುದಕ್ಕೆ, ಸಾಮಾನ್ಯವಾಗಿ 1 ಮೆಗಾವಾಟ್, 2022ರ ನಿಯಮದಂತೆ ಹಸಿರು ವಿದ್ಯುತ್ತಿಗಾದರೆ 100 ಕಿಲೋವಾಟ್ ಬೇಡಿಕೆ ಇರಬೇಕು. ಅಲ್ಲದೆ ಸಾಗಣೆ ಶುಲ್ಕ, ತಂತಿಯ ಸೋರಿಕೆ, ಇತರರ ಅಗ್ಗದ ದರದ ಭಾರ ಹೊರಲು ಕಟ್ಟಬೇಕಾದ ಅಡ್ಡ ಸಬ್ಸಿಡಿ ಸರ್ಚಾರ್ಜ್ ಸೇರಿದ ಮೇಲೆ ಫ್ಯಾಕ್ಟರಿ ಗೇಟಿಗೆ ಬರುವ ದರ ಆ 4 ರೂಪಾಯಿಯಾಗಿ ಉಳಿದಿರುವುದಿಲ್ಲ.

ಎಂಟನೇ ಹೆಜ್ಜೆ: ಒಂದು ವಹಿ ಇಡಿ

ತಿಂಗಳ ಒಂದನೇ ತಾರೀಖು ಒಂದು ಸಾಲು ಬರೆದರೆ ಸಾಕು: ಬ್ರೆಂಟ್, ಜೆಕೆಎಂ, ಡಾಲರಿಗೆ ಎಷ್ಟು ರೂಪಾಯಿ, ಯುರೋಪಿನ ಸಂಗ್ರಹದ ಶೇಕಡಾವಾರು, ಎಕ್ಸ್‌ಚೇಂಜಿನ ಮಧ್ಯಾಹ್ನ ಮತ್ತು ರಾತ್ರಿಯ ದರ, ಮಳೆಗಾಲವಾದರೆ ಆಲಮಟ್ಟಿಯ ನೀರಿನ ಮಟ್ಟ, ಕೊನೆಗೆ ನಿಮ್ಮ ಬಿಲ್ಲಿನ ಹೊಂದಾಣಿಕೆಯ ಪೈಸೆ. ಹನ್ನೆರಡು ಸಾಲು ತುಂಬುವ ಹೊತ್ತಿಗೆ ಯಾವ ಅಂಕಣ ನಿಮ್ಮ ಬಿಲ್ಲನ್ನು ಎಷ್ಟು ತಿಂಗಳು ಮುಂಚೆ ಸೂಚಿಸುತ್ತದೆ ಎಂಬುದು ನಿಮಗೇ ಕಾಣತೊಡಗುತ್ತದೆ. ನನ್ನ ವಹಿಯಲ್ಲಿ ಹೆನ್ರಿ ಹಬ್‌ನ ಅಂಕಣ ಎರಡನೇ ವರ್ಷದಿಂದ ಖಾಲಿಯಿದೆ, ಅದರಿಂದ ನಮಗೇನೂ ಉಪಯೋಗವಾಗಲಿಲ್ಲ.

ಖಾನಾವಳಿಯ ಮಾಲೀಕರಿಗೆ ಇಷ್ಟು ದೊಡ್ಡ ವಹಿ ಬೇಕಿರಲಿಲ್ಲ. ಅವರ ಓಣಿಗೆ ಅನಿಲದ ಕೊಳವೆ ಬರುವುದಿತ್ತು. ಸಿಲಿಂಡರ್ ಬಿಟ್ಟು ಅದಕ್ಕೆ ಹೋಗಬೇಕೋ ಬೇಡವೋ ಎಂಬುದೇ ಅವರ ನಿಜವಾದ ಪ್ರಶ್ನೆ. 19 ಕೆಜಿ ಸಿಲಿಂಡರಿನ ಶಾಖ ಸುಮಾರು 24 ಘನ ಮೀಟರ್ ನೈಸರ್ಗಿಕ ಅನಿಲಕ್ಕೆ ಸಮ. ಆದ್ದರಿಂದ ಸಿಲಿಂಡರಿನ ಬೆಲೆಯನ್ನು 24ರಿಂದ ಭಾಗಿಸಿ, ಬಂದ ಮೊತ್ತಕ್ಕಿಂತ ಕೊಳವೆಯ ವಾಣಿಜ್ಯ ದರ ಕಡಿಮೆಯಿದ್ದರೆ ಮಾತ್ರ ಅರ್ಜಿ ಹಾಕಿ, ಠೇವಣಿಯ ಹಣವನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದೆ. ಅವರು ಆ 24 ಎಂಬ ಅಂಕಿಯನ್ನು ಗಲ್ಲೆಯ ಮೇಲಿನ ಕ್ಯಾಲೆಂಡರಿನಲ್ಲಿ, ಮುಂದಿನ ತಿಂಗಳ ಒಂದನೇ ತಾರೀಖಿನ ಚೌಕದೊಳಗೆ ಬರೆದುಕೊಂಡರು.